ಡೆಬಿಯನ್ ಪ್ಯಾಕೇಜಿನ ಚೇಂಜ್‌ಲಾಗ್‌ಗೆ ಡಿಸಿಎಚ್
ಸ್ವಂತ ಸಾಫ್ಟ್‌ವೇರನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಪ್ಯಾಕ್ ಮಾಡುವವರಿಗೆ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನೊಳಗಿನ ಡಿಸಿಎಚ್ ಎಂಬ ಕಮಾಂಡ್ ಇರಲೇಬೇಕು. ಪ್ರತಿ ಆವೃತ್ತಿಯ ಬದಲಾವಣೆಗಳನ್ನು ಬರೆದಿಡುವ ಚೇಂಜ್‌ಲಾಗನ್ನು ಕೈಯಲ್ಲೇ ತಿದ್ದಿದರೆ ಎಡವುವುದು ಸಹಿಯ ಸಾಲಿನಲ್ಲಿ: ಎರಡು ಹೈಫನ್‌ಗಳಿಗೆ ಮೊದಲು ಒಂದು ಸ್ಪೇಸ್, ಇಮೇಲ್‌ಗೂ ತಾರೀಕಿಗೂ ನಡುವೆ ಎರಡು. ತಪ್ಪಿದರೆ ಚೇಂಜ್‌ಲಾಗ್ ಓದುವ ಪಾರ್ಸರ್ ತಕರಾರು ತೆಗೆಯುತ್ತದೆ. ಡಿಸಿಎಚ್ ಅದನ್ನು ತಾನೇ ಬರೆಯುತ್ತದೆ.

ಹೊಸ ಆವೃತ್ತಿಗೆ ‘ಡಿಸಿಎಚ್ -ವಿ 1.3.0-1’. ಬರೀ ಪ್ಯಾಕೇಜಿಂಗ್ ತಿದ್ದಿದ್ದರೆ ‘-ಐ’ ಸಾಕು, 1.3.0-1 ಇದ್ದದ್ದು 1.3.0-2 ಆಗುತ್ತದೆ. ಬಿಡುಗಡೆಯ ದಿನ ‘-ಆರ್’ ಕೊಟ್ಟರೆ ‘ಅನ್‌ರಿಲೀಸ್ಡ್’ ಎಂಬ ಗುರುತು ಹೋಗಿ ಹಿಂದಿನ ನಮೂದಿನ ಡಿಸ್ಟ್ರಿಬ್ಯೂಷನ್, ಸಾಮಾನ್ಯವಾಗಿ ಡೆಬಿಯನ್‌ನ ಅಭಿವೃದ್ಧಿ ಶಾಖೆಯಾದ ‘ಅನ್‌ಸ್ಟೇಬಲ್’, ಬರುತ್ತದೆ, ತಾರೀಕೂ ಹೊಸದಾಗುತ್ತದೆ.

ಒಂದು ಎಚ್ಚರ. ‘ಡೆಬ್‌ಫುಲ್‌ನೇಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ಕೊಟ್ಟ ಹೆಸರು, ಪ್ಯಾಕೇಜಿನ ವಿವರಗಳಿರುವ ಕಂಟ್ರೋಲ್ ಫೈಲಿನ ಮೇಂಟೇನರ್ (ಪ್ಯಾಕೇಜ್ ನೋಡಿಕೊಳ್ಳುವವರು) ಅಥವಾ ಅಪ್‌ಲೋಡರ್ ಹೆಸರಿಗೆ ಹೊಂದದಿದ್ದರೆ, ನಿಮ್ಮದೇ ಪ್ಯಾಕೇಜಿಗೆ ನಿಮ್ಮನ್ನೇ ಹೊರಗಿನವರೆಂದು ಎಣಿಸಿ ‘-ಐ’ 1.3.0-1.1 ಮಾಡಿಬಿಡುತ್ತದೆ. ಮೊದಲು ಆ ಹೆಸರನ್ನು ಸರಿಪಡಿಸಿ.

ಗಿಟ್ ಕಮಿಟ್‌ಗಳ ಸಂದೇಶಗಳನ್ನೇ ಎತ್ತಿ ಚೇಂಜ್‌ಲಾಗ್‌ಗೆ ತುಂಬುವ ‘ಜಿಬಿಪಿ ಡಿಸಿಎಚ್’ ಎಂಬ ಬೇರೊಂದು ಕಮಾಂಡ್ ಕರಡಿಗಷ್ಟೇ ಚೆನ್ನ. ಬಳಕೆದಾರರಿಗೆ ಬೇಕಿರುವುದು ಏನು ಬದಲಾಯಿತು, ಏಕೆ ಎಂಬುದು.