ಕೈಗೋ ಎದೆಗೋ: ವಾರ್ಡಿನಲ್ಲಿ ಮೂರು ವಾಚು

ನಾಡಿ ಎಣಿಸೋದು ಕಲಿತದ್ದು ಅಪ್ಪನ ಎಚ್‌ಎಂಟಿಯಲ್ಲಿ. ದಿನಾ ಕೀ ಕೊಡಬೇಕಿದ್ದ ಆ ವಾಚು ಈಗ ಬೀರುವಿನಲ್ಲಿದೆ. ನರ್ಸಾಗಿ ಮೆಡಿಕಲ್ ವಾರ್ಡಿಗೆ ಬಂದ ಮೇಲೆ ಮೂರು ಬಗೆಯವನ್ನು ಬಳಸಿ ನೋಡಿದ್ದೇನೆ: ಮುಳ್ಳಿನ ಕೈಗಡಿಯಾರ, ಸ್ಮಾರ್ಟ್‌ಬ್ಯಾಂಡ್, ಎದೆಗೆ ಸಿಕ್ಕಿಸುವ ಫಾಬ್ ವಾಚು.

ಬ್ಯಾಂಡಿನ ಕತೆ ಮೊದಲು ಮುಗಿಸಿಬಿಡುತ್ತೇನೆ. ಬೆರಳು ರೋಗಿಯ ನಾಡಿಯ ಮೇಲಿದೆ, ಇಪ್ಪತ್ತೆರಡು, ಇಪ್ಪತ್ಮೂರು ಅನ್ನುವಷ್ಟರಲ್ಲಿ ಪರದೆ ಕಪ್ಪು. ಕೈ ಒದರಿ ಎಬ್ಬಿಸುವುದರೊಳಗೆ ಲೆಕ್ಕ ಹೋಯಿತು. ಪರದೆ ಆರದಿದ್ದರೂ ಅಂಕಿಯಲ್ಲಿ ಇನ್ನೊಂದು ತಾಪತ್ರಯ. 47ನೇ ಸೆಕೆಂಡಿಗೆ ಶುರು ಮಾಡಿದರೆ ಅರ್ಧ ನಿಮಿಷ ಮುಗಿಯೋದು 17ಕ್ಕೆ. ಬೆಳಗಿನ ಜಾವ ನಾಲ್ಕಕ್ಕೆ ಈ ಕೂಡೋ ಲೆಕ್ಕ ಯಾರಿಗೆ ಬೇಕು? ಮುಳ್ಳಾದರೆ ಎದುರು ದಿಕ್ಕಿಗೆ ಬಂತೋ ಇಲ್ಲವೋ ನೋಡಿದರಾಯಿತು. ನಾಡಿ ತಪ್ಪಿ ತಪ್ಪಿ ಬಡಿಯುತ್ತಿದ್ದರೆ, ಅಥವಾ ಉಸಿರು ಎಣಿಸುವಾಗ, ಪೂರ್ತಿ 60 ಸೆಕೆಂಡು ಬೇಕು. ಆಗ ಕಣ್ಣು ಎದೆಯ ಏರಿಳಿತದ ಮೇಲಿರುತ್ತದೆ, ಅಂಕಿ ಓದಲು ಪುರುಸೊತ್ತಿಲ್ಲ. ಬ್ಯಾಂಡಿನಿಂದ ಒಂದೇ ಉಪಕಾರ: ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಲ್ಲ, ಅದಕ್ಕೆ ಸದ್ದಿಲ್ಲದೆ ನಡುಗಿ ನೆನಪಿಸುತ್ತದೆ. ನೈಟ್ ಡ್ಯೂಟಿಗೆ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಅಷ್ಟೇ.

ಡ್ರಿಪ್ ಸರಿಮಾಡಲು ಕೈಗಡಿಯಾರವನ್ನು ಮೀರಿಸಿದ್ದಿಲ್ಲ. 500 ಎಂಎಲ್ ಬಾಟಲಿ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ಪಿನ ಕೊಳವೆ (ಸೆಟ್) ಎಂಎಲ್‌ಗೆ 20 ಹನಿಯದು ಅಂದುಕೊಳ್ಳಿ: ನಿಮಿಷಕ್ಕೆ ಸುಮಾರು 42 ಹನಿ, ಕಾಲು ನಿಮಿಷಕ್ಕೆ ಹತ್ತೋ ಹನ್ನೊಂದೋ. ಮಣಿಕಟ್ಟನ್ನು ಹನಿ ಬೀಳುವ ಚೇಂಬರ್ ಪಕ್ಕಕ್ಕೆ ಎತ್ತಿದರೆ ಹನಿ, ಮುಳ್ಳು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಆದರೆ ಕೈ ತೊಳೆಯುವ ಕೆಲಸದವಳಿಗೆ ಅದು ಶತ್ರು. ಬೆಲ್ಟಿನಡಿ ಸೋಪಿನ ನೀರು ನಿಂತು ಚರ್ಮ ನವೆಯಾಗುತ್ತದೆ, ಗ್ಲೌಸಿನ ಅಂಚು ಸಿಕ್ಕಿಕೊಳ್ಳುತ್ತದೆ. ಚರ್ಮದ ಬೆಲ್ಟಾದರೆ ಮಳೆಗಾಲದಲ್ಲಿ ಮುಗ್ಗಲು ವಾಸನೆ ಬೇರೆ. ಚೈನಿನ ಸಂದಿಯಲ್ಲಿ ಏನೇನು ಸೇರಿರುತ್ತದೋ ಯೋಚಿಸದಿರುವುದೇ ಒಳ್ಳೆಯದು. ಪ್ರತಿ ಸಲ ಬಿಚ್ಚಿಡುತ್ತಿದ್ದೆ. ಒಂದು ದಿನ ಸಿಂಕಿನ ಪಕ್ಕ ಬಿಟ್ಟು ಬಂದವಳು ಮರಳಿ ಹೋಗುವಷ್ಟರಲ್ಲಿ ಅದು ಮಾಯ. ಇಂಗ್ಲೆಂಡಿನ ಆಸ್ಪತ್ರೆಗೆ ಸೇರಿರೋ ಗೆಳತಿಗೆ ಈ ಚಿಂತೆಯೇ ಇಲ್ಲ. ಅಲ್ಲಿ ರೋಗಿಯನ್ನು ಮುಟ್ಟುವವರು ಮೊಣಕೈ ಕೆಳಗೆ ವಾಚು ಕಟ್ಟುವಂತಿಲ್ಲ.

ಅವಳ ಮಾತು ಕೇಳಿಯೇ ಫಾಬ್ ತಂದದ್ದು. ಮೊದಲನೆಯದು ಪಿನ್ನಿನದು, ಸಣ್ಣ ಸರಪಳಿಗೆ ತೂಗುವಂಥದ್ದು. ಬೆಡ್‌ಶೀಟ್ ಎಳೆಯಲು ಬಗ್ಗಿದಾಗ ರೋಗಿಯೊಬ್ಬರ ಮೂಗಿಗೇ ಹೋಗಿ ತಾಗಿತು. ಅವರು ನಕ್ಕರು, ನನಗೆ ನಾಚಿಕೆಯಾಯಿತು. ಅಲ್ಲದೆ ಡ್ರಿಪ್ ಮೇಲಿದೆ, ವಾಚು ಎದೆಯಲ್ಲಿದೆ; ಕತ್ತು ಮೇಲೆ ಕೆಳಗೆ ಆಡಿಸುತ್ತಾ ಹನಿ ಎಣಿಸೋದು ಆಗದ ಮಾತು. ಎರಡನೆಯದು ಸಿಲಿಕೋನ್ ಕವಚದ್ದು, ಕ್ಲಿಪ್ಪಿನದು. ಒತ್ತಿದರೆ ಕೈಗೆ ಬರುತ್ತದೆ, ಚೇಂಬರ್ ಪಕ್ಕ ಹಿಡಿದು ಎಣಿಸಿ ಮತ್ತೆ ಸಿಕ್ಕಿಸಿದರಾಯಿತು. ಕವಚ ಬಿಚ್ಚಿ ತೊಳೆಯಲೂ ಬರುತ್ತದೆ. ಒಂದು ವರ್ಷದಿಂದ ಇದೇ ನನ್ನ ಕೋಟಿನ ಮೇಲಿದೆ. ಕೊಳ್ಳುವವರು ಸೆಕೆಂಡ್ ಮುಳ್ಳು ಬೇರೆ ಬಣ್ಣದ್ದಿದೆಯಾ, ಕತ್ತಲಲ್ಲಿ ಮುಳ್ಳು ಕಾಣುತ್ತದಾ, ಇವೆರಡನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ಹೂವಿನ ಚಿತ್ರದ ಡಯಲ್ ಬೇಡವೇ ಬೇಡ.

ನಾವು ತಲೆ ಬಗ್ಗಿಸಿದರೆ ನೆಟ್ಟಗೆ ಕಾಣಲಿ ಅಂತ ಫಾಬಿನ ಡಯಲ್ ತಲೆಕೆಳಗಾಗಿರುತ್ತದೆ. ಮೊನ್ನೆ ಸಂಜೆ ಸರಿಯಾಗಿ ಆರಕ್ಕೆ ಬಿಪಿ ನೋಡುತ್ತಿದ್ದೆ. ಎದುರಿನ ಅಜ್ಜಿ ನನ್ನ ಎದೆಯನ್ನೇ ದಿಟ್ಟಿಸಿ, "ಸಿಸ್ಟರಮ್ಮ, ನಿಮ್ಮ ಗಡಿಯಾರ ಕೆಟ್ಟೈತೆ ನೋಡ್ರಿ, ಹನ್ನೆರಡೂವರೆಗೇ ನಿಂತೈತೆ" ಅಂದರು.