ಫುಲ್ ಶೀಟ್ ಜಲವರ್ಣ: ಬಿಗಿದ ಹಾಳೆಯೋ, ದಪ್ಪ ಹಾಳೆಯೋ?

ಕಾಲು ಶೀಟಿನಲ್ಲಿ ಲ್ಯಾಂಡ್‌ಸ್ಕೇಪ್ ಬರೆಯುತ್ತಿದ್ದಷ್ಟು ದಿನ ಕಾಗದದ ತಂಟೆ ನನಗೆ ಗೊತ್ತೇ ಇರಲಿಲ್ಲ. 22×30 ಇಂಚಿನ ಫುಲ್ ಶೀಟಿಗೆ ಕೈಹಾಕಿದ ದಿನವೇ ಪಾಠವಾಯಿತು. ಆಕಾಶಕ್ಕೆ ನೀರು ಬಳಿದೆ, ಹಾಳೆ ಅಲೆ ಅಲೆಯಾಗಿ ಉಬ್ಬಿತು, ನೀಲಿಯೆಲ್ಲ ತಗ್ಗಿಗೆ ಇಳಿದು ಪಟ್ಟೆಪಟ್ಟೆಯಾಗಿ ಒಣಗಿತು. ಆಮೇಲೆ ಮೋಡ, ಬೆಟ್ಟಸಾಲು, ಕೆರೆ ಇರುವ ಒಂದೇ ದೃಶ್ಯವನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ. ಮೂರೂ ಅಪ್ಪಟ ಹತ್ತಿಯ ಕೋಲ್ಡ್ ಪ್ರೆಸ್ (ಮೈ ತುಸು ತರಿತರಿಯಾಗಿರುವ) ಹಾಳೆಗಳೇ.

ಮೊದಲನೆಯದು ಹಳೆಯ ದಾರಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಯನ್ನು ನೆನೆಸಿ, ನಾಲ್ಕೂ ಅಂಚನ್ನು ನೀರು ತಾಗಿಸಿದರೆ ಅಂಟುವ ಕಂದು ಗಮ್ ಟೇಪಿನಿಂದ ಪ್ಲೈವುಡ್ ಹಲಗೆಗೆ ಅಂಟಿಸುವುದು. ನೆನೆದು ಹಿಗ್ಗಿದ ನಾರು ಒಣಗುತ್ತ ಕುಗ್ಗಲು ನೋಡುತ್ತದೆ, ಟೇಪ್ ಬಿಡುವುದಿಲ್ಲ. ಹಾಗಾಗಿ ಹಾಳೆ ತಮಟೆಯಂತೆ ಬಿಗಿಯುತ್ತದೆ. ಜಾಗ ಸಾಲದೆ ಮೊದಲ ಸಲ ಹಲಗೆಯನ್ನು ಗೋಡೆಗೆ ಒರಗಿಸಿಟ್ಟೆ. ನೀರೆಲ್ಲ ಕೆಳಗಿಳಿದು, ಬೆಳಗಾಗುವಷ್ಟರಲ್ಲಿ ಆ ಬದಿಯ ಟೇಪ್ ಕಿತ್ತುಬಂದಿತ್ತು. ಮಲಗಿಸಿಯೇ ಒಣಗಿಸಬೇಕು. ಎರಡನೇ ಸಲ ಸರಿಯಾಗಿ ಬಿಗಿದ ಮೇಲೆ, ಬೆಟ್ಟದ ಹಿಂದೆ ಬೆಟ್ಟ ಬರಲೆಂದು ನಾಲ್ಕೈದು ಪದರ ತೆಳುಬಣ್ಣ ಎಳೆದರೂ ಹಾಳೆ ಅಲುಗಲಿಲ್ಲ.

ಎರಡನೆಯದು 640 ಜಿಎಸ್‌ಎಂನ ದಪ್ಪ ಹಾಳೆ. ಅದಕ್ಕೆ ಈ ಸಿದ್ಧತೆಯೇ ಬೇಡ, ನಾಲ್ಕು ಕ್ಲಿಪ್ ಸಾಕು. ರಟ್ಟಿನಂಥ ಹಾಳೆ ತುಂಬ ನೀರು ಹಿಡಿದಿಡುತ್ತದೆ, ಮೋಡಗಳನ್ನು ನಿಧಾನವಾಗಿ ಕರಗಿಸಬಹುದು. ಆದರೆ ಆ ಗುಣವೇ ಬೆಟ್ಟಕ್ಕೆ ಶತ್ರು. ಹೇರ್ ಡ್ರೈಯರ್ ಹಿಡಿದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದು, ಮುಂದಿನ ಪದರದ ಅಂಚು ಹರಡಿಹೋಯಿತು. ಬೆಲೆಯೂ ಜಾಸ್ತಿ, ಹಾಳೆ ಕೆಟ್ಟೀತೆಂಬ ಅಳುಕಿನಲ್ಲಿ ಕೈ ಬಿಗಿಯಾಗುತ್ತದೆ. ನನಗಂತೂ ಹಾಗೇ ಆಯಿತು.

ಮೂರನೆಯದು, 300ರ ಹಾಳೆಯ ಎರಡೂ ಬದಿ ತೋಯಿಸಿ ನುಣುಪಾದ ಪ್ಲಾಸ್ಟಿಕ್ ಹಲಗೆಯಂಥ ಅಕ್ರಿಲಿಕ್ ಶೀಟಿನ ಮೇಲೆ ಮಲಗಿಸುವುದು. ಟೇಪಿಲ್ಲದೆ ತಾನೇ ಅಂಟಿಕೊಳ್ಳುತ್ತದೆ. ಮಂಜು ಇಷ್ಟು ಸಲೀಸಾಗಿ ಬೇರೆಲ್ಲೂ ಬರಲಿಲ್ಲ. ಕೆರೆದಂಡೆಯ ಚೂಪು ಗೆರೆಗೆ ಕಾದು ಕೂತರೆ ಮಾತ್ರ ಅಷ್ಟರಲ್ಲಿ ಮೂಲೆಗಳು ಸುರುಳಿ ಸುತ್ತುತ್ತವೆ.

ಒಂದು ತಪ್ಪನ್ನು ಯಾವ ಹಾಳೆಯ ಮೇಲೂ ಹೊರಿಸಲಾರೆ. ಫುಲ್ ಶೀಟೆಂದರೆ ಕಾಲು ಶೀಟಿನ ನಾಲ್ಕರಷ್ಟು. ಆದರೂ ಹಳೆಯ ಅಭ್ಯಾಸದಂತೆ ಪ್ಯಾಲೆಟ್ಟಿನ ಗುಳಿಯಲ್ಲೇ ನೀಲಿ ಕಲಸಿದ್ದೆ. ಅರ್ಧ ಆಕಾಶಕ್ಕೇ ಮುಗಿಯಿತು. ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಗೆರೆ ಕೂತಿತ್ತು. ಈಗ ಟ್ಯೂಬ್ ಬಣ್ಣ ಬಟ್ಟಲಿನಲ್ಲಿ ಕಲಸುತ್ತೇನೆ, ಎರಡಿಂಚಿನ ಚಪ್ಪಟೆ ಬ್ರಷ್ಷಿನಲ್ಲಿ ಬಳಿಯುತ್ತೇನೆ.

ಪದರ ಪದರವಾಗಿ ಕಟ್ಟುವ ಚಿತ್ರಕ್ಕೆ ನನ್ನ ಆಯ್ಕೆ ಬಿಗಿದ 300. ಒಂದೇ ಉಸಿರಿಗೆ ಮುಗಿಸುವ ಮಂಜಿನ ಮುಂಜಾವಿಗೆ ಅಕ್ರಿಲಿಕ್ ಶೀಟು. 640ರ ಎರಡು ಹಾಳೆ ಇನ್ನೂ ಕಪಾಟಿನಲ್ಲೇ ಇವೆ.