ಡೆಬಿಯನ್ ಸರ್ವರ್‌ನಲ್ಲಿ ರಿಕ್ವೆಸ್ಟ್ ಟ್ರ್ಯಾಕರ್: ಅಂಚೆಯ ದಾರಿಯೇ ಮುಖ್ಯ

ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಬರುವ ದೂರುಗಳೆಲ್ಲ ಒಂದೇ ಇಮೇಲ್ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಅದನ್ನು ನೋಡುತ್ತಿದ್ದ ಮೂವರಲ್ಲಿ ಯಾರು ಯಾವುದಕ್ಕೆ ಉತ್ತರಿಸಿದರೆಂಬುದು ಉಳಿದವರಿಗೆ ತಿಳಿಯುತ್ತಿರಲಿಲ್ಲ. ಗ್ರಂಥಾಲಯದ ಪ್ರಿಂಟರ್ ಕುರಿತ ಪತ್ರಕ್ಕೆ ಇಬ್ಬರು ಉತ್ತರ ಬರೆದ ದಿನವೇ ಪ್ರಯೋಗಾಲಯದ ನೆಟ್‌ವರ್ಕ್ ಕುರಿತ ಪತ್ರ ಯಾರ ಕಣ್ಣಿಗೂ ಬೀಳದೆ ಉಳಿದದ್ದುಂಟು. ಇದಕ್ಕೆ ಪರಿಹಾರವೆಂದು, ಬಂದ ಪ್ರತಿ ದೂರನ್ನೂ 'ಟಿಕೆಟ್' ಎಂಬ ಸಂಖ್ಯೆಯುಳ್ಳ ದಾಖಲೆಯಾಗಿಸಿ ಅದರ ಜಾಡು ಇಡುವ ರಿಕ್ವೆಸ್ಟ್ ಟ್ರ್ಯಾಕರ್ ತಂತ್ರಾಂಶವನ್ನು, ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಿರುವ ಸರ್ವರ್‌ನಲ್ಲಿ ಸ್ಥಾಪಿಸಿದೆವು. ಬಳಸುವವರು ಇದನ್ನು ಆರ್‌ಟಿ ಎಂದೇ ಕರೆಯುತ್ತಾರೆ.

ಜೆಸ್ಸಿ ವಿನ್ಸೆಂಟ್ ಅವರು 1996ರಲ್ಲಿ ಆರಂಭಿಸಿದ ಈ ತಂತ್ರಾಂಶ ಪರ್ಲ್ ಭಾಷೆಯಲ್ಲಿದೆ, ಜಿಪಿಎಲ್ ಪರವಾನಗಿಯಡಿ ಮುಕ್ತವಾಗಿ ದೊರೆಯುತ್ತದೆ. ಮೂಲ ಸಂಕೇತದಿಂದ ಕಟ್ಟಿಕೊಳ್ಳುವವರು ಹತ್ತಾರು ಪರ್ಲ್ ಮಾಡ್ಯೂಲುಗಳನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಡೆಬಿಯನ್‌ನ ಸಿದ್ಧ ಪ್ಯಾಕೇಜು ಆ ಶ್ರಮವನ್ನು ಉಳಿಸುತ್ತದೆ: ಮುಖ್ಯ ಪ್ಯಾಕೇಜಿನ ಜೊತೆಗೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮತ್ತು ವೆಬ್ ಸರ್ವರ್ ಆದ ಅಪಾಚೆಗೆ ಸಂಬಂಧಿಸಿದ ಪ್ಯಾಕೇಜುಗಳನ್ನು ಡೆಬಿಯನ್‌ನ ಸ್ಥಾಪನಾ ಸಾಧನವಾದ ಆಪ್ಟ್ ಮೂಲಕ ಹಾಕಿದರೆ, ಪ್ಯಾಕೇಜೇ ಡೇಟಾಬೇಸನ್ನು ಸೃಷ್ಟಿಸಿ, ಆಡಳಿತಗಾರರ ಗುಪ್ತಪದವನ್ನೂ ಕೇಳಿ ಪಡೆಯುತ್ತದೆ. ಮೂಲದಿಂದ ಸ್ಥಾಪಿಸಿದವರು ಮಾತ್ರ ಒಂದನ್ನು ಮರೆಯಬಾರದು. ಅಲ್ಲಿ ಆರ್‌ಟಿಯ ಮುಖ್ಯ ಆಡಳಿತಗಾರನಾದ 'ರೂಟ್' ಬಳಕೆದಾರನಿಗೆ 'ಪಾಸ್‌ವರ್ಡ್' ಎಂಬ ಪದವೇ ಗುಪ್ತಪದವಾಗಿರುವುದರಿಂದ ಮೊದಲ ಪ್ರವೇಶದಲ್ಲೇ ಅದನ್ನು ಬದಲಿಸಬೇಕು.

ಮಧ್ಯಾಹ್ನದ ಹೊತ್ತಿಗೆ ಲಾಗಿನ್ ಪುಟ ತೆರೆದುಕೊಂಡಿತು. ಆದರೆ ಆಗ ಮುಗಿದದ್ದು ಕೆಲಸದ ಸಣ್ಣ ಭಾಗ. ಆರ್‌ಟಿಯ ಜೀವ ಇರುವುದು ಇಮೇಲಿನಲ್ಲಿ. ದೂರು ಕೊಡುವ ಅಧ್ಯಾಪಕರು ಒಮ್ಮೆಯೂ ಜಾಲಪುಟವನ್ನು ತೆರೆಯದೆ, ತಾವು ಬಲ್ಲ ಹಳೆಯ ವಿಳಾಸಕ್ಕೇ ಪತ್ರ ಬರೆದು, ಉತ್ತರವನ್ನೂ ಪತ್ರವಾಗಿಯೇ ಪಡೆಯುವಂತಾಗಬೇಕು. ಇದನ್ನು ಮೇಲ್‌ಗೇಟ್ ಎಂಬ ಚಿಕ್ಕ ಕಾರ್ಯಕ್ರಮ ಮಾಡುತ್ತದೆ. ಸರ್ವರ್‌ನಲ್ಲಿ ಇಮೇಲ್ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್. ಯಾವ ವಿಳಾಸದ ಪತ್ರ ಎಲ್ಲಿಗೆ ಹೋಗಬೇಕೆಂದು ಹೇಳುವ ಅದರ ಅಲಿಯಾಸ್ ಕಡತದಲ್ಲಿ ಒಂದು ಸಾಲು ಬರೆದರೆ, ಆ ವಿಳಾಸಕ್ಕೆ ಬಂದ ಪ್ರತಿ ಪತ್ರವನ್ನೂ ಮೇಲ್‌ಗೇಟ್ ಎತ್ತಿಕೊಂಡು ಜಾಲದ ಮೂಲಕ ಆರ್‌ಟಿಗೆ ಒಪ್ಪಿಸುತ್ತದೆ. ವೆಬ್ ಸರ್ವರ್ ಆ ಕ್ಷಣದಲ್ಲಿ ನಿಂತುಹೋಗಿದ್ದರೆ ಮೇಲ್‌ಗೇಟ್ ತಾತ್ಕಾಲಿಕ ವೈಫಲ್ಯದ ಸಂಕೇತವನ್ನು ಮರಳಿಸುವುದರಿಂದ ಪೋಸ್ಟ್‌ಫಿಕ್ಸ್ ಪತ್ರವನ್ನು ಸರದಿಯಲ್ಲಿ ಇರಿಸಿಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪರೀಕ್ಷೆಗೆಂದು ನಾವು ಅಪಾಚೆಯನ್ನು ನಿಲ್ಲಿಸಿ ಪತ್ರ ಕಳುಹಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಲನೆ ಮಾಡಿದಾಗ ಆ ಪತ್ರ ಟಿಕೆಟಾಗಿ ಬಂದು ಕುಳಿತದ್ದನ್ನು ಕಂಡು ನನಗೆ ಈ ತಂತ್ರಾಂಶದ ಮೇಲೆ ವಿಶ್ವಾಸ ಹುಟ್ಟಿತು.

ಎರಡು ಕಡೆ ನಾವು ತಡೆದು ನಿಂತೆವು. ಮೊದಲನೆಯದು ಹಕ್ಕುಗಳ ವಿಚಾರ. ಹೊರಗಿನವರು ಟಿಕೆಟ್ ತೆರೆಯಲು ಮತ್ತು ಅದಕ್ಕೆ ಉತ್ತರಿಸಲು, ಆಯಾ ಕ್ಯೂವಿನಲ್ಲಿ (ಒಂದು ಬಗೆಯ ಟಿಕೆಟುಗಳ ಸಾಲಿನಲ್ಲಿ) ಎಲ್ಲರನ್ನೂ ಒಳಗೊಂಡ 'ಎವ್ರಿವನ್' ಗುಂಪಿಗೆ ಆ ಎರಡು ಹಕ್ಕುಗಳನ್ನು ನಾವೇ ನೀಡಬೇಕು. ಇಲ್ಲದಿದ್ದರೆ ಅಂಚೆಯ ದಾರಿ ಎಷ್ಟೇ ಸರಿಯಿದ್ದರೂ ಪತ್ರ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ. ಎರಡನೆಯದು ಸಂಸ್ಥೆಯ ಗುರುತಾಗಿ ಸಂರಚನೆಯಲ್ಲಿ ಬರೆಯುವ 'ಆರ್‌ಟಿನೇಮ್'. ಪತ್ರದ ವಿಷಯದ ಸಾಲಿನಲ್ಲಿ ಚೌಕ ಆವರಣದೊಳಗೆ ಈ ಹೆಸರೂ ಟಿಕೆಟ್ ಸಂಖ್ಯೆಯೂ ಬರುತ್ತವೆ, ಅದನ್ನು ನೋಡಿಯೇ ಆರ್‌ಟಿ ಮರುಪತ್ರವನ್ನು ಹಳೆಯ ಟಿಕೆಟಿಗೆ ಜೋಡಿಸುತ್ತದೆ. ಹೆಸರನ್ನು ನಡುವೆ ಬದಲಿಸಿದರೆ ಹಳೆಯ ಪತ್ರಗಳಿಗೆ ಬಂದ ಉತ್ತರಗಳು ಹೊಸ ಟಿಕೆಟುಗಳಾಗಿ ಒಡೆದುಹೋಗುತ್ತವೆ. ಹಳೆಯ ಹೆಸರನ್ನೂ ಗುರುತಿಸುವಂತೆ ಹೇಳುವ ಇನ್ನೊಂದು ಆಯ್ಕೆ ಇದೆಯಾದರೂ, ಮೊದಲೇ ಯೋಚಿಸಿ ಇಡುವುದು ಲೇಸು.

ದಿನನಿತ್ಯದ ಬಳಕೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಉತ್ತರ ಮತ್ತು ಟಿಪ್ಪಣಿ ಎಂಬ ವಿಭಾಗ. ಉತ್ತರ ದೂರು ಕೊಟ್ಟವರಿಗೆ ಹೋಗುತ್ತದೆ, ಟಿಪ್ಪಣಿ ಸಿಬ್ಬಂದಿಯ ನಡುವೆ ಉಳಿಯುತ್ತದೆ. 'ಈ ಸ್ವಿಚ್ಚನ್ನು ಹೋದ ತಿಂಗಳೂ ಬದಲಿಸಿದ್ದೆವು' ಎಂಬಂಥ ಒಳಮಾತುಗಳು ಆಯಾ ಟಿಕೆಟಿನ ಚರಿತ್ರೆಯಲ್ಲೇ ಉಳಿಯುವುದರಿಂದ, ರಜೆಯಿಂದ ಮರಳಿದವರು ಯಾರನ್ನೂ ಕೇಳದೆ ಕೆಲಸ ಮುಂದುವರಿಸಬಹುದು. ಯಾವ ಘಟನೆಗೆ ಯಾರಿಗೆ ಪತ್ರ ಹೋಗಬೇಕೆಂಬುದನ್ನು ನಿರ್ಧರಿಸುವ 'ಸ್ಕ್ರಿಪ್'ಗಳು ಬಲಶಾಲಿಯಾಗಿವೆ, ಆದರೆ ಕಲಿಯಲು ತಾಳ್ಮೆ ಬೇಕು. ಹೊಸಬರಿಗೆ ಪರದೆಯೂ ತುಸು ಕಿಕ್ಕಿರಿದಂತೆ ತೋರುತ್ತದೆ.

ಕನ್ನಡದ ಪತ್ರಗಳು ವಿಷಯದ ಸಾಲಿನಲ್ಲಾಗಲಿ ಒಡಲಿನಲ್ಲಾಗಲಿ ಅಕ್ಷರಗಳು ಕೆಡದೆ ನಿಲ್ಲುತ್ತವೆ. ಹುಡುಕಾಟದಲ್ಲಿ ಮಾತ್ರ ಕೊರತೆಯಿದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪೂರ್ಣಪಠ್ಯ ಹುಡುಕಾಟಕ್ಕೆ ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬಿಡಿಸುವ ನಿಯಮಗಳು ಜೊತೆಗೆ ಬರುವುದಿಲ್ಲವಾದ್ದರಿಂದ, 'ಗ್ರಂಥಾಲಯ' ಎಂದು ಹುಡುಕಿದವರಿಗೆ 'ಗ್ರಂಥಾಲಯದಲ್ಲಿ' ಎಂಬ ಪದವಿರುವ ಪತ್ರ ಸಿಗದೆ ಹೋಗಬಹುದು. ವಿಷಯದ ಸಾಲಿನಲ್ಲಿ ಹುಡುಕಿದರೆ ಪದದ ಭಾಗವೂ ಸಾಕಾಗುತ್ತದೆ, ಹಾಗಾಗಿ ವಿಷಯದ ಸಾಲನ್ನು ಸ್ಪಷ್ಟವಾಗಿ ಬರೆಯುವಂತೆ ಎಲ್ಲರನ್ನೂ ಕೋರಿದ್ದೇವೆ.

ಮೂರು ಮಂದಿಗಿಂತ ಕಡಿಮೆ ಇರುವ ಕಚೇರಿಗೆ, ಲಿನಕ್ಸ್ ಆಜ್ಞೆಗಳ ಪರಿಚಯವಿರುವ ಒಬ್ಬರೂ ಇಲ್ಲದ ಕಡೆಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಉಳಿದವರು ಧೈರ್ಯವಾಗಿ ಆರಿಸಿಕೊಳ್ಳಬಹುದು. ಲಗತ್ತುಗಳೂ ಸಾಮಾನ್ಯವಾಗಿ ಡೇಟಾಬೇಸಿನೊಳಗೇ ಸೇರುವುದರಿಂದ ಅದು ಬೇಗ ಬೆಳೆಯುತ್ತದೆ, ಬ್ಯಾಕಪ್‌ಗೆ ಜಾಗವನ್ನು ಮೊದಲೇ ಲೆಕ್ಕ ಹಾಕಿಡಬೇಕು. ನಾವು ಪ್ರತಿ ರಾತ್ರಿ ಡೇಟಾಬೇಸಿನ ಪ್ರತಿ ತೆಗೆಯುತ್ತೇವೆ. ಅಂಥ ಒಂದು ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ಟಿಕೆಟುಗಳನ್ನು ತೆರೆದು ಓದಿ ನೋಡಿದ ಮೇಲೆಯೇ ಹಳೆಯ ಇಮೇಲ್ ಪೆಟ್ಟಿಗೆಯನ್ನು ಮುಚ್ಚಿದೆವು.